ಗೋ ಚಾನಲ್ ಪೈಥಾನ್‌ಗೆ ಬಂದಾಗ: ನಿಂತುಹೋದ ಪ್ರೋಗ್ರಾಮಿನ ದೋಷ ಹುಡುಕುವುದು ಹೇಗೆ

ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿತು. ಸರ್ವರ್‌ಗೆ ಹಾಕಿದ ಕೂಡಲೇ ನಿಂತಿತು. ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ, ಸಿಪಿಯು ಬಳಕೆ ಸೊನ್ನೆ. ಗೋ ಭಾಷೆಯಲ್ಲಿ ಬಹಳ ದಿನದಿಂದ ಓಡುತ್ತಿದ್ದ ಒಂದು ಚಿಕ್ಕ ಪ್ರೋಗ್ರಾಮನ್ನು ನಾನು ಪೈಥಾನ್‌ಗೆ ತಂದಿದ್ದೆ. ಫೋಟೋ ಓದುವುದು, ಅಳತೆ ಚಿಕ್ಕದು ಮಾಡುವುದು, ಬೇರೆ ಕಡೆ ಬರೆಯುವುದು, ಇಷ್ಟೇ ಕೆಲಸ. ಗೋದಲ್ಲಿ ಒಂದೇ ಹೊತ್ತಿಗೆ ನಡೆಯುವ ಕೆಲಸಗಳಿಗೆ ಗೋರೂಟೀನ್ ಅನ್ನುತ್ತಾರೆ; ಅದು ಇದ್ದ ಕಡೆ ಪೈಥಾನ್ ಥ್ರೆಡ್ ಹಾಕಿದೆ. ಅವು ಒಂದಕ್ಕೊಂದು ಮಾಲು ದಾಟಿಸುವ ಚಾನಲ್ ಇದ್ದ ಕಡೆ ಕ್ಯೂ ಹಾಕಿದೆ. ಸಾಲಿಗೆ ಸಾಲು ಸರಿಯಾಗಿ ಕೂತಿತ್ತು. ಆದರೂ ನಿಂತಿತು.

ಆ ದೋಷ ಸಿಗಲು ಎರಡು ದಿನ ಬೇಕಾಯಿತು. ಅದಾದ ಮೇಲೆ ಇದೇ ಜಾತಿಯ ಬೇರೆ ದೋಷಗಳೂ ಒಂದೊಂದಾಗಿ ಕಂಡವು. ಇದೇ ದಾರಿಯಲ್ಲಿ ಹೊರಟವರಿಗೆ ಆ ಎರಡು ದಿನ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಮನೆಗೆ ಮೋಲ್ಡ್ ಹಾಕುವುದನ್ನು ನೋಡಿದ್ದೀರಲ್ವಾ? ಕಾಂಕ್ರೀಟ್ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಮೇಲೆ ಹೋಗುತ್ತದೆ. ಮುಂದಿನವರು ಹಿಡಿಯುವ ತನಕ ಹಿಂದಿನವರು ಕೈ ಬಿಡುವ ಹಾಗಿಲ್ಲ. ಬಫರ್ (ಮಧ್ಯದಲ್ಲಿ ಮಾಲು ಇಡುವ ಜಾಗ) ಇಲ್ಲದ ಗೋ ಚಾನಲ್ ಅಂದರೆ ಇದೇ. ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಬಂದು ನಿಂತಾಗ ಮಾತ್ರ ಮಾಲು ದಾಟುತ್ತದೆ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1978ರ ತಮ್ಮ ಪ್ರಬಂಧದಲ್ಲಿ ಹೇಳಿದ ವಿಚಾರ ಇದು. ರಾಬ್ ಪೈಕ್ ನ್ಯೂಸ್‌ಕ್ವೀಕ್ ಭಾಷೆಯಲ್ಲಿ ಚಾನಲ್ ತಂದರು. ಮುಂದೆ ಅವರು, ರಾಬರ್ಟ್ ಗ್ರೀಸೆಮರ್ ಮತ್ತು ಕೆನ್ ಥಾಮ್ಸನ್ ಸೇರಿ ರೂಪಿಸಿದ ಗೋ 2009ರಲ್ಲಿ ಹೊರಬಂದಾಗ ಚಾನಲ್ ಅದರ ಬೆನ್ನೆಲುಬಾಗಿತ್ತು.

ಪೈಥಾನ್‌ನ ಕ್ಯೂ ಹುಟ್ಟಿದ್ದು ಬೇರೆ ಉದ್ದೇಶಕ್ಕೆ. ಅದು ಬಾಂಡ್ಲಿಯನ್ನು ಇಟ್ಟು ಹೋಗುವ ಕಟ್ಟೆ. ನೋಡಲು ಎರಡೂ ಒಂದೇ ಥರ ಇವೆ: ಒಂದು ಕಡೆ ಹಾಕು, ಇನ್ನೊಂದು ಕಡೆ ತೆಗೆ. ಆದರೆ ಚಾನಲ್ ಕೊಡುವ ಮಾತುಗಳೇ ಬೇರೆ, ಕ್ಯೂ ಕೊಡುವ ಮಾತುಗಳೇ ಬೇರೆ. ಗೋದಲ್ಲಿ ಭಾಷೆಯೇ ನಡೆಸಿಕೊಡುತ್ತಿದ್ದ ಒಂದು ಮಾತನ್ನು ಇಲ್ಲಿ ಯಾರೂ ನಡೆಸುತ್ತಿಲ್ಲ. ದೋಷ ಹುಡುಕುವುದು ಅಂದರೆ ಅದು ಯಾವ ಮಾತು ಅಂತ ಪತ್ತೆ ಮಾಡುವುದು.

ಮೊದಲು ನಿಂತ ಪ್ರೋಗ್ರಾಮನ್ನು ಮಾತಾಡಿಸಿ

ಗೋದಲ್ಲಿ ಗೋರೂಟೀನ್‌ಗಳೆಲ್ಲ ಕಾಯುತ್ತಾ ಮಲಗಿದರೆ ರನ್‌ಟೈಮ್ ತಾನೇ ಕಂಡುಹಿಡಿದು, ಡೆಡ್‌ಲಾಕ್ ಎಂದು ಬರೆದು ನಿಲ್ಲಿಸುತ್ತದೆ. ಪೈಥಾನ್ ಹಾಗೆ ಮಾಡುವುದಿಲ್ಲ. ಎಲ್ಲ ಥ್ರೆಡ್ ಕಾಯುತ್ತಿದ್ದರೆ ಅದೂ ಸುಮ್ನೆ ಕಾಯುತ್ತದೆ. ಆದ್ದರಿಂದ ಕೋಡ್ ಓದುತ್ತಾ ಊಹೆ ಮಾಡಲು ಕೂರಬೇಡಿ. ಯಾರು ಎಲ್ಲಿ ನಿಂತಿದ್ದಾರೆ ಅಂತ ಮೊದಲು ನೋಡಿ.

ಪೈಥಾನ್ ಜೊತೆಗೇ ಬರುವ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲ್ ಇದಕ್ಕೆ ಸಾಕು. ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಅದನ್ನು ಸಿಗ್‌ಯೂಸರ್‌1 ಸಿಗ್ನಲ್‌ಗೆ ಕಟ್ಟಿಡಿ. ಆಮೇಲೆ ಕಿಲ್ ಕಮಾಂಡಿನಿಂದ ಆ ಸಿಗ್ನಲ್ ಕಳಿಸಿದರೆ ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ (ಯಾವ ಕರೆಗಳ ಮೂಲಕ ಯಾವ ಸಾಲಿಗೆ ಬಂದು ನಿಂತಿದೆ ಎಂಬ ಪಟ್ಟಿ) ಹೊರಗೆ ಬೀಳುತ್ತದೆ, ಪ್ರೋಗ್ರಾಮ್ ಸಾಯುವುದಿಲ್ಲ. ವಿಂಡೋಸ್‌ನಲ್ಲಿ ಈ ದಾರಿ ಇಲ್ಲ. ಅಲ್ಲಿ ಅದೇ ಮಾಡ್ಯೂಲಿನ ಇನ್ನೊಂದು ಫಂಕ್ಷನ್ ಬಳಸಿ, 30 ಸೆಕೆಂಡಿಗೊಮ್ಮೆ ತಾನೇ ಸ್ಟ್ಯಾಕ್ ಬರೆಯುವ ಹಾಗೆ ಇಡಬಹುದು. ಇದ್ಯಾವುದನ್ನೂ ಮೊದಲೇ ಹಾಕಿಡದೆ ಪ್ರೋಗ್ರಾಮ್ ನಿಂತಿದೆ ಅಂದರೆ ಪೈ-ಸ್ಪೈ ಎಂಬ ಟೂಲ್ ಇದೆ. ಅದು ಹೊರಗಿನಿಂದಲೇ ಓಡುತ್ತಿರುವ ಪ್ರೋಸೆಸ್ಸಿನ ಒಳಗೆ ಇಣುಕುತ್ತದೆ.

ಒಂದು ಎಚ್ಚರಿಕೆ. ಸಾಮಾನ್ಯ ಎರರ್ ಬಂದಾಗ ಪೈಥಾನ್ ಕೊನೆಯ ಕರೆಯನ್ನು ಕೆಳಗೆ ಬರೆಯುತ್ತದೆ. ಫಾಲ್ಟ್‌ಹ್ಯಾಂಡ್ಲರ್ ಅದನ್ನೇ ಮೇಲೆ ಬರೆಯುತ್ತದೆ. ಅಭ್ಯಾಸದಂತೆ ಕೆಳಗಿನಿಂದ ಓದಿದರೆ ಪ್ರತಿ ಥ್ರೆಡ್ಡೂ ಒಂದೇ ಥರ ಕಾಣುತ್ತದೆ. ಮೇಲಿನ ಮೂರು ಸಾಲು ನೋಡಿ. ಮೊದಲು ವೇಟ್, ಅದರ ಕೆಳಗೆ ಕ್ಯೂವಿನ ಗೆಟ್ (ತೆಗೆ) ಅಥವಾ ಪುಟ್ (ಹಾಕು), ಅದರ ಕೆಳಗೆ ನಿಮ್ಮ ಕೋಡಿನ ಸಾಲು ಇರುತ್ತದೆ.

ಈಗ ಎಣಿಸಿ. ಕಾಗದದ ಮೇಲೆ ಎರಡು ಗೆರೆ ಎಳೆದು, ಗೆಟ್‌ನಲ್ಲಿ ಎಷ್ಟು, ಪುಟ್‌ನಲ್ಲಿ ಎಷ್ಟು ಅಂತ ಬರೆಯಿರಿ. ನಾನು ಈಗಲೂ ಹೀಗೇ ಮಾಡುತ್ತೇನೆ. ಎಲ್ಲರೂ ಗೆಟ್‌ನಲ್ಲಿ ಇದ್ದರೆ, ಕೊಡುವವರು ಸತ್ತಿದ್ದಾರೆ, ಅಥವಾ ಶುರುವೇ ಆಗಿಲ್ಲ, ಅಥವಾ ಕೆಲಸ ಮುಗಿಸಿದರೂ ಮುಗಿಯಿತು ಅಂತ ಹೇಳಿಲ್ಲ. ಎಲ್ಲರೂ ಪುಟ್‌ನಲ್ಲಿ ಇದ್ದರೆ ತೆಗೆದುಕೊಳ್ಳುವವರು ಹೋಗಿಬಿಟ್ಟಿದ್ದಾರೆ. ಒಂದೇ ಚಾನಲ್ ಮೇಲೆ ಒಬ್ಬರು ಕೊಡಲು, ಒಬ್ಬರು ತೆಗೆಯಲು ಕಾಯುತ್ತಿದ್ದರೆ, ಚಾನಲ್‌ಗಾಗಿ ನೀವೇ ಬರೆದ ಕ್ಲಾಸಿನಲ್ಲೇ ತಪ್ಪಿದೆ. ಇನ್ನೊಂದು ವಿಷಯ ಬಹಳ ಮುಖ್ಯ: ಇರಬೇಕಾದ ಥ್ರೆಡ್ ಪಟ್ಟಿಯಲ್ಲೇ ಇಲ್ಲವಾ ನೋಡಿ. ಥ್ರೆಡ್ ಹುಟ್ಟಿಸುವಾಗ ಪ್ರತಿಯೊಂದಕ್ಕೂ ಹೆಸರು ಕೊಟ್ಟಿದ್ದರೆ, ಹೆಸರು ಸಮೇತ ಸ್ಟ್ಯಾಕ್ ಬರೆಯುವ ಪೈ-ಸ್ಪೈಯಂಥ ಟೂಲಿನಲ್ಲಿ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಎಲ್ಲರೂ ಗೆಟ್‌ನಲ್ಲಿ, ಕೊಡುವವರು ಪಟ್ಟಿಯಲ್ಲೇ ಇಲ್ಲ

ನನ್ನ ಪ್ರೋಗ್ರಾಮಿನ ಸ್ಥಿತಿ ಇದೇ ಆಗಿತ್ತು. ಆರು ಥ್ರೆಡ್ ಇದ್ದವು, ಆರೂ ಗೆಟ್‌ನಲ್ಲಿ ನಿಂತಿದ್ದವು. ಆದರೆ ನಾನು ಹುಟ್ಟಿಸಿದ್ದು ಎಂಟು ಕೆಲಸಗಾರರು ಮತ್ತು ಒಬ್ಬ ಓದುವವ, ಒಟ್ಟು ಒಂಬತ್ತು. ಉಳಿದ ಮೂವರು ಎಲ್ಲಿ?

ಉತ್ತರ ಥ್ರೆಡ್‌ಪೂಲ್ ಎಕ್ಸಿಕ್ಯೂಟರ್‌ನಲ್ಲಿತ್ತು. ಒಂದಷ್ಟು ಥ್ರೆಡ್ ಇಟ್ಟುಕೊಂಡು, ಬಂದ ಕೆಲಸಗಳನ್ನು ಅವಕ್ಕೆ ಹಂಚುವ ಪೂಲ್ ಅದು. ಗೋರೂಟೀನ್ ಬದಲಿಗೆ ನಾನು ಅದನ್ನು ಬಳಸಿದ್ದೆ. ಎಷ್ಟು ಥ್ರೆಡ್ ಅಂತ ಹೇಳದಿದ್ದರೆ ಪೈಥಾನ್ 3.8ರಿಂದ ಅದು ಕೋರ್‌ಗಳ ಸಂಖ್ಯೆಗೆ 4 ಕೂಡಿಸಿ ಅಷ್ಟು ಥ್ರೆಡ್ ಇಟ್ಟುಕೊಳ್ಳುತ್ತದೆ, ಹೆಚ್ಚೆಂದರೆ 32. ನನ್ನ ಲ್ಯಾಪ್‌ಟಾಪಿಗೆ 8 ಕೋರ್, ಅಂದರೆ 12 ಥ್ರೆಡ್. ಒಂಬತ್ತೂ ಹಿಡಿಯಿತು. ಸರ್ವರ್‌ಗೆ 2 ಕೋರ್, ಅಂದರೆ 6 ಥ್ರೆಡ್. ನಾನು ಮೊದಲು ಎಂಟು ಕೆಲಸಗಾರರನ್ನು ಕಳಿಸಿ, ಕೊನೆಗೆ ಓದುವವನನ್ನು ಕಳಿಸಿದ್ದೆ. ಮೊದಲ ಆರು ಜನ ಜಾಗ ಹಿಡಿದು ಫೋಟೋಗಾಗಿ ಕಾಯುತ್ತಾ ಕೂತರು. ಫೋಟೋ ಕೊಡಬೇಕಾದವನು ಪೂಲಿನ ಹೊರಗೆ ಸಾಲಿನಲ್ಲಿ ನಿಂತಿದ್ದ. ಇವರು ಏಳುವುದಿಲ್ಲ, ಅವನು ಒಳಗೆ ಬರುವುದಿಲ್ಲ.

ಗೋದಲ್ಲಿ ಈ ದೋಷ ಹುಟ್ಟುವುದೇ ಇಲ್ಲ. ಗೋರೂಟೀನ್ ಹುಟ್ಟಿಸಿದರೆ ಅದಕ್ಕೆ ಯಾವತ್ತಾದರೂ ಓಡುವ ಸರದಿ ಬಂದೇ ಬರುತ್ತದೆ. ಗೋ ಕೊಡುವ ಆ ಮಾತನ್ನು ಪೂಲ್ ಕೊಡುವುದಿಲ್ಲ.

ಪರೀಕ್ಷೆ ಸುಲಭ. ಪೂಲಿನ ಗಾತ್ರವನ್ನು ಬೇಕೆಂದೇ 1 ಅಥವಾ 2 ಮಾಡಿ ಓಡಿಸಿ. ನಿಂತರೆ, ನಿಮ್ಮ ಕೆಲಸಗಳು ಒಂದರ ಮೇಲೆ ಒಂದು ಕಾಯುತ್ತಿವೆ. ಅಂಥವನ್ನು ಪೂಲಿಗೆ ಹಾಕಬಾರದು, ಪ್ರತಿಯೊಂದಕ್ಕೂ ಸ್ವಂತ ಥ್ರೆಡ್ ಕೊಡಿ. ಪೂಲ್ ಗಾತ್ರ ಜಾಸ್ತಿ ಮಾಡಿ ಸುಮ್ಮನಾಗುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಲಸಗಾರರು ಇನ್ನಷ್ಟು ಹೆಚ್ಚಾದ ದಿನ ದೋಷ ಮತ್ತೆ ಅದೇ ಜಾಗಕ್ಕೆ ಬರುತ್ತದೆ.

ಸ್ವಂತ ಥ್ರೆಡ್ ಅಂದ ಕೂಡಲೇ ಲೆಕ್ಕದ ಪ್ರಶ್ನೆ ಬರುತ್ತದೆ. ಒಂದು ಗೋರೂಟೀನ್ 2 ಕೆಬಿ ಸ್ಟ್ಯಾಕ್‌ನಿಂದ ಶುರುವಾಗುತ್ತದೆ. ಲಿನಕ್ಸ್‌ನಲ್ಲಿ ಒಂದು ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ ವಿಳಾಸದ ಜಾಗ ಮೀಸಲಾಗುತ್ತದೆ. ಅಷ್ಟೂ ನಿಜವಾಗಿ ಖರ್ಚಾಗುವುದಿಲ್ಲ, ಆದರೂ ಹತ್ತು ಸಾವಿರ ಥ್ರೆಡ್ ಎಬ್ಬಿಸಲು ಹೋದರೆ, ಹೊಸ ಥ್ರೆಡ್ ಶುರು ಮಾಡಲು ಆಗುತ್ತಿಲ್ಲ ಎಂಬ ರನ್‌ಟೈಮ್ ಎರರ್ ಬರಬಹುದು. ಸಾವಿರಗಟ್ಟಲೆ ಬೇಕಾದರೆ ಥ್ರೆಡ್ ಬಿಟ್ಟು, ಒಂದೇ ಥ್ರೆಡ್‌ನಲ್ಲಿ ಹಲವು ಕೆಲಸಗಳನ್ನು ಸರದಿಯಂತೆ ಓಡಿಸುವ ಅಸಿಂಕ್‌ಐಒ ಕಡೆ ಹೋಗಿ. ಅಲ್ಲಿಯ ದೋಷಗಳು ಬೇರೆ, ಮುಂದೆ ಹೇಳುತ್ತೇನೆ.

ಕೊಡುವವರು ಪಟ್ಟಿಯಲ್ಲಿ ಇಲ್ಲದಿರಲು ಇನ್ನೊಂದು ಕಾರಣ ಸಾವು. ಗೋದಲ್ಲಿ ಒಂದು ಗೋರೂಟೀನ್ ಪ್ಯಾನಿಕ್ ಆಗಿ ಯಾರೂ ಹಿಡಿಯದಿದ್ದರೆ ಇಡೀ ಪ್ರೋಗ್ರಾಮ್ ಬೀಳುತ್ತದೆ. ಒರಟು ಅನ್ನಿಸಬಹುದು, ಆದರೆ ದೋಷ ಬಚ್ಚಿಟ್ಟುಕೊಳ್ಳುವುದಿಲ್ಲ. ಪೈಥಾನ್ ಥ್ರೆಡ್‌ನಲ್ಲಿ ಎಕ್ಸೆಪ್ಷನ್ ಬಂದರೆ ಆ ಥ್ರೆಡ್ ಒಂದೇ ಸಾಯುತ್ತದೆ, ಉಳಿದವರು ಅದಕ್ಕಾಗಿ ಕಾಯುತ್ತಲೇ ಇರುತ್ತಾರೆ. ಎರರ್ ಪರದೆಯ ಮೇಲಾದರೂ ಬರುತ್ತದೆ. ಪೂಲ್ ಬಳಸಿದ್ದರೆ ಅದೂ ಇಲ್ಲ. ಎಕ್ಸೆಪ್ಷನ್, ಕೆಲಸ ಒಪ್ಪಿಸಿದಾಗ ಪೂಲ್ ಕೊಡುವ ಫ್ಯೂಚರ್ ಎಂಬ ಆಬ್ಜೆಕ್ಟಿನ ಒಳಗೆ ಕೂತಿರುತ್ತದೆ, ನೀವು ರಿಸಲ್ಟ್ ಕೇಳುವ ತನಕ ಬಾಯಿ ಬಿಡುವುದಿಲ್ಲ. ಥ್ರೆಡ್‌ಗಳಿಗೆ, ಯಾರೂ ಹಿಡಿಯದ ಎಕ್ಸೆಪ್ಷನ್ ಬಂದಾಗ ಓಡುವ ಒಂದು ಎಕ್ಸೆಪ್ಟ್‌ಹುಕ್ ಇದೆ, 3.8ರಿಂದ. ಅದರಲ್ಲಿ ಎರರ್ ಬರೆದು, ಪ್ರೋಸೆಸ್ಸನ್ನು 2 ಎಂಬ ಎಕ್ಸಿಟ್ ಕೋಡ್‌ನಿಂದ ತಕ್ಷಣ ನಿಲ್ಲಿಸಿ. ಗೋ ಪ್ಯಾನಿಕ್ ಆದಾಗ ಬರುವ ಕೋಡ್ ಕೂಡ 2. ದೋಷ ಹುಡುಕುವ ದಿನಗಳಲ್ಲಂತೂ ಹೀಗೆ ಇಡುವುದೇ ಸರಿ.

ಕೆಲಸ ಮುಗಿಯಿತು, ಒಬ್ಬರು ಮಾತ್ರ ಮನೆಗೆ ಹೋದರು

ಕೊಡುವವರು ಸತ್ತಿಲ್ಲ, ಕೆಲಸ ಮುಗಿಸಿ ಸರಿಯಾಗಿಯೇ ಹೊರಟಿದ್ದಾರೆ. ಎಂಟು ಕೆಲಸಗಾರರಲ್ಲಿ ಒಬ್ಬರು ಹೊರಬಂದರು. ಏಳು ಜನ ಗೆಟ್‌ನಲ್ಲೇ ಇದ್ದಾರೆ. ಈ ಏಳು-ಒಂದರ ಲೆಕ್ಕ ಕಂಡರೆ ಬೇರೇನೂ ಹುಡುಕಬೇಡಿ. ಮುಗಿಯಿತು ಅಂತ ಹೇಳಲು ನೀವು ಕ್ಯೂಗೆ ಒಂದು ನನ್ (None, ಏನೂ ಇಲ್ಲ ಎಂಬ ಪೈಥಾನ್ ಬೆಲೆ) ಹಾಕಿದ್ದೀರಿ.

ಗೋದ ಕ್ಲೋಸ್ ಅಂದರೆ ಅಂಗಡಿಯ ಬಾಗಿಲಿಗೆ ಹಾಕುವ ಬೋರ್ಡ್ ಇದ್ದ ಹಾಗೆ, ಬಂದವರಿಗೆಲ್ಲ ಕಾಣುತ್ತದೆ. ಕ್ಯೂಗೆ ಹಾಕಿದ ನನ್ ಒಂದು ಚೀಟಿ. ಯಾರ ಕೈಗೆ ಸಿಕ್ಕಿತೋ ಅವರಿಗಷ್ಟೇ ಸುದ್ದಿ.

ಪೈಥಾನ್ 3.13ರಲ್ಲಿ ಕ್ಯೂಗೆ ಶಟ್‌ಡೌನ್ ಎಂಬ ಮೆಥಡ್ ಬಂದಿದೆ. ಇದು ಗೋ ಕ್ಲೋಸ್‌ಗೆ ಬಹಳ ಹತ್ತಿರ. ಶಟ್‌ಡೌನ್ ಮಾಡಿದ ಮೇಲೆ ಪುಟ್ ಮಾಡಿದರೆ ಎಕ್ಸೆಪ್ಷನ್ ಬರುತ್ತದೆ. ಒಳಗೆ ಉಳಿದ ಮಾಲು ಖಾಲಿಯಾಗುವ ತನಕ ಗೆಟ್ ಕೊಡುತ್ತಲೇ ಇರುತ್ತದೆ, ಖಾಲಿಯಾದ ಮೇಲೆ ಕೇಳಿದವರಿಗೆಲ್ಲ ಎಕ್ಸೆಪ್ಷನ್ ಕೊಡುತ್ತದೆ. ಅಸಿಂಕ್‌ಐಒದ ಕ್ಯೂಗೂ ಅದೇ ಆವೃತ್ತಿಯಲ್ಲಿ ಇದು ಬಂತು. ಎರಡು ಕಡೆ ಎಚ್ಚರ ಬೇಕು. ಇಮ್ಮೀಡಿಯೆಟ್ ಎಂಬ ಆಯ್ಕೆ ಕೊಟ್ಟರೆ ಉಳಿದ ಮಾಲನ್ನೆಲ್ಲ ಚೆಲ್ಲಿಬಿಡುತ್ತದೆ, ಗೋ ಕ್ಲೋಸ್ ಹಾಗೆ ಮಾಡುವುದಿಲ್ಲ. ಇನ್ನೊಂದು, ಗೋದಲ್ಲಿ ಮುಚ್ಚಿದ ಚಾನಲ್ಲನ್ನು ಮತ್ತೆ ಮುಚ್ಚಿದರೆ ಪ್ಯಾನಿಕ್. ಇಲ್ಲಿ ಎರಡನೇ ಶಟ್‌ಡೌನ್‌ಗೆ ಯಾವ ತಕರಾರೂ ಇಲ್ಲ. ಇಬ್ಬರು ಮುಚ್ಚುತ್ತಿದ್ದಾರೆ ಅನ್ನುವ ತಪ್ಪು ಹಾಗಾಗಿ ಮರೆಯಲ್ಲೇ ಉಳಿಯುತ್ತದೆ. ನಿಮ್ಮ ಚಾನಲ್ ಕ್ಲಾಸಿನಲ್ಲಿ ಅದನ್ನು ನೀವೇ ನೋಡಿ ಎರರ್ ಎಸೆಯಿರಿ.

ಹಳೆಯ ಪೈಥಾನ್ ಆದರೆ ಚೀಟಿಯೇ ಗತಿ. ಆಗ ಚೀಟಿ ಸಿಕ್ಕವರು ಅದನ್ನು ವಾಪಸ್ ಕ್ಯೂಗೆ ಹಾಕಿಯೇ ಹೊರಡಬೇಕು. ಚೀಟಿಗೆ ನನ್ ಬಳಸಬೇಡಿ, ನಿಜವಾದ ಮಾಲೇ ನನ್ ಆಗಿರಬಹುದು. ಹೊಸದೊಂದು ಆಬ್ಜೆಕ್ಟ್ ಮಾಡಿಟ್ಟು, ಅದೇನಾ ಅಂತ ಇಸ್ (is) ಬಳಸಿ ಹೋಲಿಸಿ. ಮಲ್ಟಿಪ್ರೋಸೆಸಿಂಗ್ ಕ್ಯೂನಲ್ಲಿ ಈ ಹೋಲಿಕೆಯೂ ನಡೆಯುವುದಿಲ್ಲ. ಆ ಕಡೆ ತಲುಪುವುದು ಪಿಕಲ್ ಆಗಿ (ಬೈಟ್‌ಗಳಾಗಿ ಬದಲಾಗಿ) ಬಂದ ನಕಲು, ಅದು ಬೇರೆಯೇ ಆಬ್ಜೆಕ್ಟ್.

ಮುಗಿಯಿತು ಅಂತ ಪ್ರಿಂಟ್ ಆಗಿಯೂ ಟರ್ಮಿನಲ್ ವಾಪಸ್ ಬರದಿದ್ದರೆ ಅದೂ ಇದೇ ದೋಷ. ಗೋದಲ್ಲಿ ಮೇನ್ ಮುಗಿದರೆ ಉಳಿದ ಗೋರೂಟೀನ್‌ಗಳೂ ಮುಗಿದವು. ಪೈಥಾನ್ ಸಾಮಾನ್ಯ ಥ್ರೆಡ್‌ಗಳು ಮುಗಿಯುವ ತನಕ ಕಾಯುತ್ತದೆ. ಡೀಮನ್ ಎಂದು ಗುರುತು ಹಾಕಿದರೆ ಕಾಯುವುದಿಲ್ಲ ನಿಜ, ಆದರೆ ಅರ್ಧ ಬರೆದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಚಾನಲ್ ಮುಚ್ಚಿ, ಅವರಾಗಿಯೇ ಹೊರಬರುವ ಹಾಗೆ ಮಾಡಿ.

ಮೆಮೊರಿ ಏರುತ್ತಲೇ ಇದೆ

ಇದು ನಿಂತುಹೋಗುವ ದೋಷವಲ್ಲ. ಇಲ್ಲಿ ಪ್ರೋಗ್ರಾಮ್ ಓಡುತ್ತಲೇ ಇರುತ್ತದೆ, ರಾತ್ರಿ ಯಾವಾಗಲೋ ಆಪರೇಟಿಂಗ್ ಸಿಸ್ಟಮ್ ಅದನ್ನು ಕೊಲ್ಲುತ್ತದೆ. ಕಾರಣ ಒಂದು ಸೊನ್ನೆ. ಗೋದಲ್ಲಿ ಚಾನಲ್ ಮಾಡುವಾಗ ಅಳತೆ 0 ಕೊಟ್ಟರೆ ಬಫರ್ ಇಲ್ಲ ಅಂತ ಅರ್ಥ. ಪೈಥಾನ್ ಕ್ಯೂಗೆ ಮ್ಯಾಕ್ಸ್‌ಸೈಜ್ 0 ಕೊಟ್ಟರೆ ಮಿತಿಯೇ ಇಲ್ಲ ಅಂತ ಅರ್ಥ. ಏನೂ ಕೊಡದಿದ್ದರೂ ಅದೇ. ಅರ್ಥ ಪೂರ್ತಿ ಉಲ್ಟಾ. ಓದುವವನು ವೇಗದವನಾದರೆ ಫೋಟೋಗಳೆಲ್ಲ ಮೆಮೊರಿಯಲ್ಲಿ ಗುಡ್ಡೆ ಬೀಳುತ್ತವೆ.

ಐದು ಸೆಕೆಂಡಿಗೊಮ್ಮೆ ಕ್ಯೂನ ಉದ್ದ ಬರೆಯುವ ಒಂದು ಥ್ರೆಡ್ ಹಾಕಿ. ಸಂಖ್ಯೆ ಒಂದೇ ಸಮ ಏರುತ್ತಿದ್ದರೆ ಇದೇ ದೋಷ. ಆದರೆ ಆ ಉದ್ದವನ್ನು ನೋಡಲು ಮಾತ್ರ ಬಳಸಿ. ಖಾಲಿ ಇಲ್ಲವೆಂದು ನೋಡಿ ಆಮೇಲೆ ಗೆಟ್ ಮಾಡುವ ಕೋಡ್ ಬರೆದರೆ, ನೋಡಿದ್ದಕ್ಕೂ ತೆಗೆದದ್ದಕ್ಕೂ ಮಧ್ಯೆ ಇನ್ನೊಬ್ಬರು ಎತ್ತಿಕೊಂಡು ಹೋಗಿರುತ್ತಾರೆ.

ಹಾಗಾದರೆ ಮ್ಯಾಕ್ಸ್‌ಸೈಜ್ 1 ಕೊಟ್ಟರೆ ಬಫರ್ ಇಲ್ಲದ ಚಾನಲ್ ಆಗುತ್ತದಾ? ಆಗುವುದಿಲ್ಲ. ಮೆಮೊರಿ ದೋಷ ಹೋಗುತ್ತದೆ, ಆದರೆ ಬಾಂಡ್ಲಿ ಇನ್ನೂ ಕಟ್ಟೆಯ ಮೇಲೇ ಇಳಿಯುತ್ತಿದೆ. ಕಟ್ಟೆ ಚಿಕ್ಕದಾಯಿತು, ಅಷ್ಟೇ. ಕೊಡುವವರು ಕೊಟ್ಟೆ ಅಂತ ಲಾಗ್ ಬರೆದು ಮುಂದೆ ಹೋಗುತ್ತಾರೆ, ಆಗ ತೆಗೆದುಕೊಳ್ಳುವವರು ಸತ್ತರೆ ಒಂದು ಫೋಟೋ ಯಾರಿಗೂ ಸಿಗದೆ ಹೋಗುತ್ತದೆ. ಲಾಗ್‌ನಲ್ಲಿ ಕೊಟ್ಟಿದ್ದು 500, ಪಡೆದದ್ದು 499 ಅಂತ ಕಂಡರೆ ಇಲ್ಲಿ ನೋಡಿ.

ಕೈಯಿಂದ ಕೈಗೇ ಹೋಗಬೇಕಾದರೆ ರಸೀದಿ ಬೇಕು. ಕೊಡುವವರು ಮಾಲಿನ ಜೊತೆ ಒಂದು ಇವೆಂಟ್ ಆಬ್ಜೆಕ್ಟನ್ನೂ ಜೋಡಿಯಾಗಿ ಕ್ಯೂಗೆ ಹಾಕಲಿ, ಹಾಕಿ ಆ ಇವೆಂಟ್ ಮೇಲೆ ಕಾಯಲಿ. ತೆಗೆದುಕೊಂಡವರು ಮಾಲು ಕೈಗೆ ಬಂದ ಕೂಡಲೇ ಇವೆಂಟ್ ಸೆಟ್ ಮಾಡಲಿ. ಇದಿಷ್ಟೂ ಚಾನಲ್ ಕ್ಲಾಸಿನ ಒಳಗೇ ನಡೆಯಬೇಕು. ರಸೀದಿ ಕೊಡುವ ಕೆಲಸ ಹೊರಗಿನ ಕೋಡಿಗೆ ಬಿಟ್ಟರೆ ಯಾರೋ ಒಬ್ಬರು ಮರೆಯುತ್ತಾರೆ. ಆಗ ಸ್ಟ್ಯಾಕ್‌ನಲ್ಲಿ ಪುಟ್ ಕಾಣುವುದಿಲ್ಲ, ಇವೆಂಟಿನ ವೇಟ್ ಮಾತ್ರ ಕಾಣುತ್ತದೆ.

ಒಬ್ಬರು ಕೊಡಲು, ಒಬ್ಬರು ತೆಗೆಯಲು ಕಾಯುತ್ತಿದ್ದಾರೆ

ನೀವೇ ಲಾಕ್ (ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಬೀಗ) ಮತ್ತು ಕಂಡಿಶನ್ (ಕಾಯುವವರನ್ನು ಮಲಗಿಸಿ ಎಬ್ಬಿಸುವ ವ್ಯವಸ್ಥೆ) ಬಳಸಿ ಚಾನಲ್ ಬರೆದಿದ್ದರೆ ಮಾತ್ರ ಇದು ಬರುತ್ತದೆ. ಎರಡು ಕಡೆ ನೋಡಿ. ವೇಟ್‌ನ ಸುತ್ತ ಇಫ್ ಇದೆಯಾ? ವೈಲ್ ಇರಬೇಕು. ಎಚ್ಚರವಾದವರು ಲಾಕ್ ಹಿಡಿಯುವಷ್ಟರಲ್ಲಿ ಇನ್ನೊಬ್ಬರು ಮಾಲು ತೆಗೆದಿರಬಹುದು. ಎರಡನೆಯದು ಇನ್ನೂ ಸೂಕ್ಷ್ಮ. ಕೊಡುವವರು, ತೆಗೆಯುವವರು ಇಬ್ಬರೂ ಒಂದೇ ಕಂಡಿಶನ್ ಮೇಲೆ ಮಲಗಿದ್ದಾರೆ, ನೀವು ನೋಟಿಫೈ ಅಂತ ಒಬ್ಬರನ್ನು ಎಬ್ಬಿಸುತ್ತೀರಿ. ಎದ್ದವರು ಕೊಡುವವರೇ ಆದರೆ, ಜಾಗ ಇಲ್ಲ ಅಂತ ನೋಡಿ ಮತ್ತೆ ಮಲಗುತ್ತಾರೆ. ಎಬ್ಬಿಸಿದ್ದು ವ್ಯರ್ಥ. ಪೈಥಾನ್‌ನ ಸ್ವಂತ ಕ್ಯೂ ಒಂದೇ ಲಾಕ್ ಮೇಲೆ ಬೇರೆ ಬೇರೆ ಕಂಡಿಶನ್ ಇಟ್ಟುಕೊಂಡಿರುವುದು ಈ ಕಾರಣಕ್ಕೇ. ನೋಟಿಫೈ ಬದಲು ಎಲ್ಲರನ್ನೂ ಎಬ್ಬಿಸುವ ನೋಟಿಫೈ-ಆಲ್ ಹಾಕಿ ಓಡಿಸಿ. ದೋಷ ಮಾಯವಾದರೆ ಕಾರಣ ಖಚಿತವಾಯಿತು. ಆಮೇಲೆ ಕಂಡಿಶನ್ ಎರಡು ಮಾಡಿ.

ಸೆಲೆಕ್ಟ್: ಅತಿ ಹೆಚ್ಚು ಮಾಲು ಕಳೆಯುವ ಜಾಗ

ಗೋದ ಸೆಲೆಕ್ಟ್‌ಗೆ ಪೈಥಾನ್‌ನಲ್ಲಿ ಜೋಡಿ ಇಲ್ಲ. ಸೆಲೆಕ್ಟ್‌ನ ಕೆಲಸ ಮೂರು: ಹಲವು ಚಾನಲ್‌ಗಳ ಮೇಲೆ ಒಟ್ಟಿಗೆ ಕಾಯುವುದು, ಸಿದ್ಧವಾದ ಒಂದನ್ನು ಮಾತ್ರ ತೆಗೆಯುವುದು, ಉಳಿದವನ್ನು ಮುಟ್ಟದೆ ಬಿಡುವುದು. ಮೂರನೆಯ ಮಾತನ್ನೇ ಎಲ್ಲರೂ ಮರೆಯುವುದು.

ಥ್ರೆಡ್‌ನಲ್ಲಿ ಸಾಮಾನ್ಯವಾಗಿ ಬರೆಯುವುದು ಒಂದು ಲೂಪ್. ಮೊದಲ ಕ್ಯೂ ನೋಡು, ಇಲ್ಲದಿದ್ದರೆ ಎರಡನೆಯದು ನೋಡು, ಯಾವುದರಲ್ಲೂ ಇಲ್ಲದಿದ್ದರೆ ಸ್ವಲ್ಪ ಮಲಗು. ಇದರಲ್ಲಿ ಮೊದಲ ಕ್ಯೂ ಯಾವಾಗಲೂ ತುಂಬಿದ್ದರೆ ಎರಡನೆಯದಕ್ಕೆ ಸರದಿ ಬರುವುದೇ ಇಲ್ಲ. ಎರಡನೆಯದು ನಿಲ್ಲಿಸು ಎಂಬ ಸಂದೇಶದ ಚಾನಲ್ ಆಗಿದ್ದರೆ ಪ್ರೋಗ್ರಾಮ್ ನಿಲ್ಲುವುದೇ ಇಲ್ಲ. ಗೋ ಸಿದ್ಧವಿರುವವುಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸುತ್ತದೆ. ಪರೀಕ್ಷೆಗೆ ಎರಡೂ ಕ್ಯೂಗೆ ಹತ್ತು ಸಾವಿರ ತುಂಬಿ, ಮೊದಲ ಹತ್ತು ಸಾವಿರ ಆಯ್ಕೆ ಎಣಿಸಿ. ಹೆಚ್ಚು ಕಡಿಮೆ 5,000ಕ್ಕೆ 5,000 ಬರಬೇಕು. 10,000ಕ್ಕೆ 0 ಬಂದರೆ ಪ್ರತಿ ಸುತ್ತಿನಲ್ಲೂ ನೋಡುವ ಕ್ರಮವನ್ನು ಕಲಸಿ.

ಅಸಿಂಕ್‌ಐಒದಲ್ಲಿ ದೋಷ ಬೇರೆ ರೂಪದಲ್ಲಿ ಬರುತ್ತದೆ. ಎರಡು ಕ್ಯೂಗಳ ಗೆಟ್‌ಗೆ ಎರಡು ಟಾಸ್ಕ್ ಮಾಡಿ, ಮೊದಲು ಮುಗಿದದ್ದು ಸಾಕು ಅಂತ ವೇಟ್ ಮಾಡುತ್ತೇವೆ. ಎರಡೂ ಒಂದೇ ಸಲಕ್ಕೆ ಮುಗಿಯಬಹುದು. ಮುಗಿದವುಗಳ ಗುಂಪಿನಿಂದ ಒಂದನ್ನೇ ತೆಗೆದುಕೊಂಡರೆ ಇನ್ನೊಂದರ ಕೈಯಲ್ಲಿದ್ದ ಮಾಲು ಹೋಯಿತು. ಮುಗಿಯದ ಟಾಸ್ಕ್ ಕೂಡ ಸತ್ತಿಲ್ಲ, ವೇಟ್ ಅದನ್ನು ರದ್ದು ಮಾಡುವುದಿಲ್ಲ. ಮುಂದಿನ ಸುತ್ತಿಗೆ ಹೊಸ ಟಾಸ್ಕ್ ಮಾಡಿದರೆ, ಹಳೆಯದು ಅದಕ್ಕಿಂತ ಮುಂದೆ ಸಾಲಿನಲ್ಲಿ ನಿಂತಿರುತ್ತದೆ. ಬಂದ ಮಾಲು ಅದರ ಪಾಲು. ಅದರ ರಿಸಲ್ಟ್ ಕೇಳುವವರು ಯಾರೂ ಇಲ್ಲ.

ಈ ದೋಷವನ್ನು ಹಿಡಿಯಲು ಎರಡೂ ಕಡೆಯಿಂದ 1ರಿಂದ 1,000ದ ತನಕ ನಂಬರ್ ಹಾಕಿದ ಮಾಲು ಕಳಿಸಿ, ಬಾರದ ನಂಬರ್ ಪಟ್ಟಿ ಮಾಡಿ. ಪರಿಹಾರ ಏನೆಂದರೆ, ಮುಗಿಯದ ಟಾಸ್ಕನ್ನು ಬಿಸಾಡದೆ ಮುಂದಿನ ಸುತ್ತಿಗೂ ಅದನ್ನೇ ಇಟ್ಟುಕೊಳ್ಳಿ, ಮುಗಿದವುಗಳನ್ನೆಲ್ಲ ಪೂರ್ತಿ ನೋಡಿ. ಪೂರ್ತಿ ಗೋ ಥರವೇ ಬೇಕಾದರೆ ಎಲ್ಲ ಚಾನಲ್‌ಗಳಿಗೂ ಒಂದೇ ಲಾಕ್ ಮತ್ತು ಒಂದೇ ಕಂಡಿಶನ್ ಕೊಟ್ಟು, ಯಾವುದಕ್ಕೆ ಮಾಲು ಬಂದರೂ ಎಲ್ಲರನ್ನೂ ಎಬ್ಬಿಸಿ, ಲಾಕ್ ಹಿಡಿದೇ ಆರಿಸಿ. ವೇಗ ಸ್ವಲ್ಪ ಕಮ್ಮಿ. ಆದರೆ ಮಾಲು ಕಳೆಯುವುದಿಲ್ಲ, ನನಗೆ ಅದೇ ಮುಖ್ಯ.

ಗೋದಲ್ಲಿ ಚಾನಲ್ ವೇರಿಯೆಬಲ್‌ಗೆ ನಿಲ್ ಹಾಕಿ ಸೆಲೆಕ್ಟ್‌ನ ಒಂದು ಬಾಗಿಲನ್ನು ಮುಚ್ಚುವ ರೂಢಿ ಇದೆ. ಸಾಲಿಗೆ ಸಾಲು ತಂದಾಗ ಅದು ಇಲ್ಲಿ ಅಟ್ರಿಬ್ಯೂಟ್ ಎರರ್ ಆಗುತ್ತದೆ. ನಿಮ್ಮ ಸೆಲೆಕ್ಟ್ ಫಂಕ್ಷನ್ ನನ್ ಕಂಡರೆ ದಾಟಿ ಹೋಗಲಿ.

ಅಸಿಂಕ್‌ಐಒಗೆ ಹೋದವರಿಗೆ

ತೆಗೆಯುವವರಿಗೆ ಏನೂ ಸಿಗುತ್ತಿಲ್ಲ, ಕೊಡುವವರು ಪೂರ್ತಿ ಮುಗಿಸಿದ ಮೇಲೆ ಎಲ್ಲವೂ ಒಟ್ಟಿಗೆ ಬಂತು ಅಂದರೆ, ಕ್ಯೂಗೆ ಮಿತಿ ಇಲ್ಲ. ಪುಟ್‌ನ ಮುಂದೆ ಅವೇಟ್ ಇದೆಯಲ್ಲ, ಬೇರೆಯವರಿಗೆ ಸರದಿ ಸಿಗಬೇಕಲ್ವಾ ಅನ್ನಿಸುತ್ತದೆ. ಸಿಗುವುದಿಲ್ಲ. ಜಾಗ ಇದ್ದರೆ ಪುಟ್ ನಿಲ್ಲದೆ ಮುಂದೆ ಹೋಗುತ್ತದೆ. ಗೋದಲ್ಲಿ ರನ್‌ಟೈಮ್ ತಾನೇ ಸರದಿ ಬದಲಿಸುತ್ತದೆ. 1.14ರಿಂದ, ಅಂದರೆ 2020ರಿಂದ, ಫಂಕ್ಷನ್ ಕರೆಯೇ ಇಲ್ಲದ ಖಾಲಿ ಲೂಪನ್ನೂ ಮಧ್ಯದಲ್ಲಿ ತಡೆಯುತ್ತದೆ. ಇಲ್ಲಿ ನೀವಾಗಿ ಬಿಟ್ಟುಕೊಟ್ಟರೆ ಮಾತ್ರ ಸರದಿ. ಕ್ಯೂಗೆ ಮಿತಿ ಹಾಕಿ.

ಎಲ್ಲವೂ ಆಗಾಗ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದರೆ, ಯಾರೋ ಅಸಿಂಕ್ ಫಂಕ್ಷನ್ ಒಳಗೆ ಸಾಮಾನ್ಯ ಸ್ಲೀಪ್ ಅಥವಾ ಸಾಮಾನ್ಯ ಫೈಲ್ ಓದುವ ಕರೆ ಬಳಸಿದ್ದಾರೆ. ಅಸಿಂಕ್‌ಐಒದ ಡಿಬಗ್ ಮೋಡ್ ಹಾಕಿ. 100 ಮಿಲಿಸೆಕೆಂಡ್‌ಗಿಂತ ಜಾಸ್ತಿ ಹೊತ್ತು ಹಿಡಿದವರನ್ನು ಅದು ಲಾಗ್‌ನಲ್ಲಿ ತೋರಿಸುತ್ತದೆ.

ಥ್ರೆಡ್‌ನಿಂದ ನೇರವಾಗಿ ಅಸಿಂಕ್‌ಐಒ ಕ್ಯೂಗೆ ಪುಟ್ ಮಾಡಿದ್ದೀರಾ? ಆಗ ಕಾಣುವ ಲಕ್ಷಣ ವಿಚಿತ್ರ. ಮಾಲು ಕ್ಯೂನಲ್ಲಿದೆ, ಕಾಯುವವರು ಏಳುತ್ತಿಲ್ಲ. ಬೇರೆ ಯಾವುದೋ ಟೈಮರ್ ಹೊಡೆದಾಗ ದಿಢೀರನೆ ಏಳುತ್ತಾರೆ. ಆ ಕ್ಯೂ ಥ್ರೆಡ್‌ಗಳಿಗಾಗಿ ಮಾಡಿದ್ದಲ್ಲ. ಲೂಪಿನ ಕಾಲ್-ಸೂನ್-ಥ್ರೆಡ್‌ಸೇಫ್ ಮೂಲಕವೇ ಕಳಿಸಿ.

ಟಾಸ್ಕ್ ಮಧ್ಯದಲ್ಲೇ ಮಾಯವಾದರೆ, ನೀವು ಅದನ್ನು ಎಲ್ಲೂ ಹಿಡಿದಿಟ್ಟಿಲ್ಲ. ಇವೆಂಟ್ ಲೂಪ್ ಟಾಸ್ಕನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಬೇರೆ ಯಾರೂ ಹಿಡಿಯದಿದ್ದರೆ ಅದು ಕಸದ ಜೊತೆ ಗುಡಿಸಿ ಹೋಗಬಹುದು. 3.11ರಲ್ಲಿ ಬಂದ ಟಾಸ್ಕ್‌ಗ್ರೂಪ್ ಒಳಗೆ ಹುಟ್ಟಿಸಿ. ಒಂದು ಬಿದ್ದರೆ ಉಳಿದವನ್ನೂ ರದ್ದು ಮಾಡುವುದರಿಂದ, ಮೌನವಾಗಿ ಸಾಯುವ ದೋಷಕ್ಕೂ ಅದೇ ಮದ್ದು. 3.14 ಇದ್ದರೆ ಓಡುತ್ತಿರುವ ಪ್ರೋಸೆಸ್ಸಿನ ಟಾಸ್ಕ್‌ಗಳನ್ನು ಹೊರಗಿನಿಂದ ಮರದ ಹಾಗೆ ತೋರಿಸುವ ಕಮಾಂಡ್ ಅಸಿಂಕ್‌ಐಒ ಜೊತೆಗೇ ಇದೆ.

ಬಂದದ್ದೆಲ್ಲ ಒಂದೇ ಮಾಲು

ಹತ್ತು ಫೋಟೋ ಕಳಿಸಿದರೆ ಹತ್ತು ಸಲವೂ ಕೊನೆಯ ಫೋಟೋದ ಹೆಸರೇ ಬಂತು. ಇದಕ್ಕೆ ಎರಡು ಕಾರಣ ಇರಬಹುದು. ಗೋದಲ್ಲಿ ಸ್ಟ್ರಕ್ಟ್ ಕಳಿಸಿದರೆ ಅದರ ನಕಲು ಹೋಗುತ್ತದೆ. ಪೈಥಾನ್‌ನಲ್ಲಿ ಡಿಕ್ಷನರಿ ಕಳಿಸಿದರೆ ಅದೇ ಡಿಕ್ಷನರಿ ಹೋಗುತ್ತದೆ. ಕಳಿಸಿದ ಮೇಲೆ ಅದನ್ನೇ ತಿದ್ದಿ ಮತ್ತೆ ಕಳಿಸಿದರೆ ಎಲ್ಲರ ಕೈಯಲ್ಲೂ ಒಂದೇ ವಸ್ತು. ಪ್ರತಿ ಸಲ ಹೊಸದು ಮಾಡಿ. ಎರಡನೆಯದು, ಲೂಪ್ ಒಳಗೆ ಲ್ಯಾಂಬ್ಡಾ ಬರೆದು ಥ್ರೆಡ್‌ಗೆ ಕೊಟ್ಟಿರುವುದು. ಲ್ಯಾಂಬ್ಡಾ ಓಡುವಾಗ ಲೂಪ್ ವೇರಿಯೆಬಲ್‌ನಲ್ಲಿ ಏನಿದೆಯೋ ಅದೇ ಸಿಗುತ್ತದೆ. ಗೋದಲ್ಲೂ ಈ ತೊಂದರೆ ಇತ್ತು, 2024ರ 1.22ರಲ್ಲಿ ಸರಿ ಮಾಡಿದರು. ಹಾಗಾಗಿ ಹೊಸ ಗೋ ಕೋಡಿನಿಂದ ತರುವವರು ಇಲ್ಲಿ ಜಾಸ್ತಿ ಎಡವುತ್ತಾರೆ. ಬೆಲೆಯನ್ನು ಥ್ರೆಡ್‌ನ ಆರ್ಗ್ಯುಮೆಂಟ್ ಆಗಿ ಕೊಡಿ.

ಎಲ್ಲ ಸರಿ ಇದೆ, ವೇಗ ಮಾತ್ರ ಏರುತ್ತಿಲ್ಲ ಅಂದರೆ ಅದು ಚಾನಲ್‌ನ ದೋಷವಲ್ಲ. ಸಾಮಾನ್ಯ ಪೈಥಾನ್‌ನಲ್ಲಿ ಒಂದು ಕ್ಷಣಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುತ್ತದೆ. ಒಂದು ಥ್ರೆಡ್‌ಗೂ ನಾಲ್ಕು ಥ್ರೆಡ್‌ಗೂ ಸಮಯ ಒಂದೇ ಬಂದರೆ ಕಾರಣ ಇದೇ. ಹೀಗೆ ಉಳಿದವರನ್ನು ತಡೆಯುವ ಲಾಕ್ (ಜಿಐಎಲ್) ಇಲ್ಲದ ಬಿಲ್ಡ್ 3.13ರಲ್ಲಿ ಪ್ರಯೋಗವಾಗಿ ಬಂದು, 3.14ರಲ್ಲಿ ಅಧಿಕೃತ ಬೆಂಬಲ ಪಡೆದಿದೆ. ಅದಕ್ಕೆ ಹೋಗುವ ಮುಂಚೆ ಮೇಲಿನ ದೋಷಗಳನ್ನೆಲ್ಲ ತೆಗೆದಿರಿ. ಅಲ್ಲಿ ಥ್ರೆಡ್‌ಗಳು ನಿಜವಾಗಿಯೂ ಒಟ್ಟಿಗೆ ಓಡುವುದರಿಂದ, ಇಲ್ಲಿ ಅಪರೂಪಕ್ಕೆ ಕಾಣುವ ತಪ್ಪು ಅಲ್ಲಿ ಪದೇ ಪದೇ ಕಾಣುತ್ತದೆ.

ಫೋಟೋ ಪ್ರೋಗ್ರಾಮಿಗೆ ಈಗ ಟೆಸ್ಟ್ ಇವೆ. ಪ್ರತಿಯೊಂದಕ್ಕೂ 10 ಸೆಕೆಂಡಿನ ಗಡುವು, ಗಡುವು ಮೀರಿದರೆ ಫಾಲ್ಟ್‌ಹ್ಯಾಂಡ್ಲರ್ ಸ್ಟ್ಯಾಕ್ ಬರೆದು ನಿಲ್ಲಿಸುತ್ತದೆ. ಎಂಟು ಜನ ಕಾಯುತ್ತಿರುವಾಗ ಒಮ್ಮೆ ಮುಚ್ಚಿದರೆ ಎಂಟೂ ಜನ ಹೊರಬರಬೇಕು. ಮುಚ್ಚಿದ ಮೇಲೆ ಕೊಟ್ಟರೆ ಎರರ್ ಬರಬೇಕು. ತೆಗೆಯುವವರು ಇಲ್ಲದಿದ್ದರೆ ಕೊಡುವವರು ನಿಂತೇ ಇರಬೇಕು. ಕೆಲಸಗಾರರಲ್ಲಿ ಒಬ್ಬರನ್ನು ಬೇಕೆಂದೇ ಎಕ್ಸೆಪ್ಷನ್‌ನಿಂದ ಬೀಳಿಸಿದರೆ ಪ್ರೋಗ್ರಾಮ್ 2 ಎಂಬ ಕೋಡ್‌ನಿಂದ ಹೊರಬರಬೇಕು. ಇವೆಲ್ಲವನ್ನೂ ಈಗ 2 ಕೋರ್‌ನ ಮಷೀನಿನಲ್ಲೇ ಓಡಿಸುತ್ತೇನೆ.